ಗುರುಪಾದನ ರೊಟ್ಟಿ ಲೆಕ್ಕ

ಬೇಲೂರು ಕೈಗಾರಿಕಾ ಪ್ರದೇಶದ ಆ ಪಂಪಿನ ಕಾರ್ಖಾನೆಯಲ್ಲಿ ಯಂತ್ರ ಕೈಕೊಟ್ಟರೆ ಫಿಟ್ಟರನನ್ನು ಕರೆಯುತ್ತಿದ್ದರು, ಲೆಕ್ಕ ಕೈಕೊಟ್ಟರೆ ಗುರುಪಾದನನ್ನು. ಗುರುಪಾದ ಇದ್ದದ್ದು ಕ್ಯಾಂಟೀನಿನ ಉಸ್ತುವಾರಿಯಾಗಿ. ಆದರೆ ಅವನ ಜೀವವೆಲ್ಲ ಮಗ್ಗಿಯಲ್ಲಿತ್ತು. ಊಟಕ್ಕೆ ತಾಟು ಹಿಡಿದು ನಿಂತವನನ್ನು ತಡೆದು, "ಹದಿನೇಳ ಎಂಟ್ಲೆ ಎಷ್ಟಪಾ?" ಎಂದು ಕೇಳುವುದು, ಅವನು ಬೆರಳು ಮಡಚುತ್ತಿರುವಾಗ ತಾನೇ ಉತ್ತರ ಹೇಳಿ ಪಲ್ಯ ಬಡಿಸುವುದು ಅವನ ದಿನನಿತ್ಯದ ಸುಖ. ಹಸಿದವನ ಮುಂದೆ ಹೀಗೆ ಆಡಬಾರದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುವ ಪೈಕಿಯಲ್ಲ.

ಈ ಕಥೆಗೆಲ್ಲ ಮೂಲ ಹೊಸ ತಾಟುಗಳು. ಮೊದಲು ಅಗಲವಾದ ಸ್ಟೀಲಿನ ತಾಟುಗಳಿದ್ದವು. ಅದರಲ್ಲಿ ಎರಡು ರೊಟ್ಟಿ ಹಾಕಿ, ಬದಿಗೆ ಪಲ್ಯ, ಚಟ್ನಿಹಿಂಡಿ ಹಾಕಿಕೊಂಡರೆ ಮುಗಿಯಿತು. ಹೊಸದಾಗಿ ಬಂದ ಅಧಿಕಾರಿ ಸೌಮ್ಯಾ ಮೇಡಂ ನೌಕರರ ಯೋಗಕ್ಷೇಮ ನೋಡಿಕೊಳ್ಳುವವರು. ಅವರಿಗೆ ಅನ್ನ, ಸಾರು, ಪಲ್ಯ ಒಂದರೊಳಗೊಂದು ಬೆರೆಯುವುದು ಸರಿಬರಲಿಲ್ಲ. ಖಾನೆಗಳಿರುವ ತಾಟು ತರಿಸಿದರು. ಅನ್ನಕ್ಕೊಂದು ಖಾನೆ, ಪಲ್ಯಕ್ಕೊಂದು, ಸಾರಿಗೊಂದು, ರೊಟ್ಟಿಗೊಂದು. ರೊಟ್ಟಿಯ ಖಾನೆ ಸಣ್ಣದು. ಬೆಂಗೇರಿಯಿಂದ ಬರುವ ಶೇವಂತೆವ್ವನ ಒಂಬತ್ತಿಂಚಿನ ರೊಟ್ಟಿ ಅದರಲ್ಲಿ ಕೂರದೆ ಪಲ್ಯದ ಮೇಲೂ ಅನ್ನದ ಮೇಲೂ ಕಾಲು ಚಾಚಿ ಮಲಗಿತು.

"ರೊಟ್ಟಿ ಸಣ್ಣೂ ಮಾಡಸೋಣ್ರಿ. ಆರು ಇಂಚು ಅಂದ್ರ ಬರೋಬ್ಬರಿ ಕೂಡತಾವ," ಎಂದರು ಸೌಮ್ಯಾ. "ಆದ್ರ ಎರಡಕ್ಕ ಮಂದಿ ಹೊಟ್ಟಿ ತುಂಬೂದಿಲ್ಲಲ್ರಿ. ಎಷ್ಟು ಕೊಡಬೇಕು?"

ಗುರುಪಾದನಿಗೆ ಉಸಿರು ಎಳೆದುಕೊಳ್ಳುವಷ್ಟೂ ಹೊತ್ತು ಬೇಕಾಗಲಿಲ್ಲ. "ಮೂರು ಕೊಡ್ರಿ. ಒಂಬತ್ತ ಎರಡ್ಲೆ ಹದಿನೆಂಟು. ಆರ ಮೂರ್ಲೆ ಹದಿನೆಂಟು. ಹದಿನೆಂಟಕ್ಕ ಹದಿನೆಂಟು, ಒಂದು ತುಣುಕು ಹೆಚ್ಚಿಲ್ಲ, ಒಂದು ತುಣುಕು ಕಡಿಮಿ ಇಲ್ಲ."

ಸೌಮ್ಯಾ ಮೊಬೈಲು ತೆಗೆದು ಗುಣಿಸಿ ನೋಡಿದರು. ಅದರಲ್ಲೂ ಎರಡು ಸಲವೂ ಹದಿನೆಂಟೇ ಬಂತು. ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ ಲೇಥ್ ಯಂತ್ರ ನಡೆಸುವ ಮುಕ್ತಾರ ಬೆರಳು ಮಡಚಿ ನೋಡಿ, "ಖರೇ ಐತ್ರಿ ಮೇಡಂ," ಎಂದು ತಲೆಯಾಡಿಸಿದ. ಮೂವರೂ ಒಪ್ಪಿದ ಮೇಲೆ ಇನ್ನೇನು ಉಳಿಯಿತು? ಗುರುಪಾದ ಆ ದಿನವೆಲ್ಲ ತನ್ನ ಲೆಕ್ಕವನ್ನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ.

ಶೇವಂತೆವ್ವ ಬೆಂಗೇರಿಯ ತನ್ನ ಮನೆಯ ಪಡಸಾಲೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಓಣಿಯ ನಾಲ್ಕಾರು ಹೆಂಗಸರು ಅವಳಲ್ಲಿ ಕೆಲಸಕ್ಕಿದ್ದರು. ಆದರೆ ರೊಟ್ಟಿ ಬೇಯಿಸುವ ಹಂಚಿನ ಮುಂದೆ ಮುಖ್ಯ ಜಾಗ ಅವಳ ಸೊಸೆ ಕರುಣಾಳದು. ಕರುಣಾ ಬಡಿದ ರೊಟ್ಟಿ ನಡುವೆ ದಪ್ಪ, ಅಂಚಿಗೆ ತೆಳು ಎಂಬುದಿಲ್ಲ, ಎಲ್ಲ ಕಡೆ ಒಂದೇ ಸಮ. ಕಾರ್ಖಾನೆಗೆ ಇವರ ರೊಟ್ಟಿ ತರಿಸಿದವನು ಗುರುಪಾದನೇ. "ನನ್ನ ಮಾತಿನ ಮ್ಯಾಲ ತರಸ್ರಿ," ಎಂದು ಅವನು ಎಲ್ಲರೆದುರು ಎದೆ ತಟ್ಟಿ ಹೇಳಿದ್ದ.

ಮೂರು ರೊಟ್ಟಿ ಶುರುವಾದ ಹೊಸದರಲ್ಲಿ ಕಾರ್ಖಾನೆಯಲ್ಲಿ ಹಬ್ಬ. ನಮ್ಮ ಕಡೆಯ ಗಂಡಸಿನ ಹಸಿವೆಯ ಅಳತೆ ಕಿಲೋ ಅಲ್ಲ, ಗ್ರಾಮೂ ಅಲ್ಲ, ರೊಟ್ಟಿ. 'ಎಷ್ಟು ಉಂಡಿ' ಎಂದರೆ 'ಎರಡು' ಎನ್ನುತ್ತಾರೆ. ಎರಡು ಏನು ಎಂದು ಯಾರೂ ಕೇಳುವುದಿಲ್ಲ. ಎರಡು ಉಣ್ಣುವವನು ಮರ್ಯಾದಸ್ಥ, ಮೂರು ಉಣ್ಣುವವನು ಕಸುವಿನ ಆಳು, ನಾಲ್ಕು ಕೇಳಿದವನ ಸುದ್ದಿ ಬೀಗರ ಊರಿಗೂ ಹೋಗುತ್ತದೆ. ಹಾಗಾಗಿ ಮೂರು ರೊಟ್ಟಿ ಮುಗಿಸಿದ ಗಂಡಸರೆಲ್ಲ ಮೀಸೆ ಒರೆಸಿಕೊಂಡು ಎದ್ದರು. ಮನೆಗೆ ಹೋಗಿ ಹೆಂಡಂದಿರ ಮುಂದೆ, "ಇವತ್ತ ಮೂರು ಹೊಡದೆ," ಎಂದು ಹೇಳಿಕೊಂಡರು.

ಆದರೆ ಮಧ್ಯಾಹ್ನ ಇಳಿಹೊತ್ತಾಗುತ್ತಲೇ ಒಬ್ಬೊಬ್ಬರ ಹೊಟ್ಟೆಯೂ ಯಂತ್ರದ ಸದ್ದನ್ನು ಮೀರಿ ಗುರುಗುಟ್ಟತೊಡಗಿತು. ನಾಲ್ಕನೆಯ ರೊಟ್ಟಿ ಕೇಳುವಂತಿಲ್ಲ. ಮೂರು ಉಂಡವನಿಗೆ ಮತ್ತೆ ಹಸಿವೆ ಎಂದರೆ ಅದು ಹಸಿವೆಯಲ್ಲ, ರೋಗ. ಒಬ್ಬ ಹೊಸ ನೀರಿನ ಫಿಲ್ಟರನ್ನು ಬೈದ. ಇನ್ನೊಬ್ಬ ರಕ್ತ ಪರೀಕ್ಷೆ ಮಾಡಿಸಿದ. ಮುಕ್ತಾರ ಯಾರಿಗೂ ಹೇಳದೆ ಜಂತುಹುಳದ ಔಷಧ ಕುಡಿದು, ಅದು ಕೆಲಸ ಮಾಡದೆ ಮತ್ತೆ ಕುಡಿದ. ಗೇಟಿನ ಹೊರಗಿನ ಗಾಡಿಯಲ್ಲಿ ಮಿರ್ಚಿ ಭಜಿ ಮಾತ್ರ ನಾಲ್ಕು ಗಂಟೆಯೊಳಗೆ ಖಾಲಿಯಾಗತೊಡಗಿತು.

ರೋಗ ಯಾರಿಗೂ ಸಿಗದೆ ಹೋದಾಗ ಮಂದಿ ಕಳ್ಳರನ್ನು ಹುಡುಕಿದರು.

"ರೊಟ್ಟಿ ತೆಳ್ಳಗ ಆಗ್ಯಾವರಿ," ಎಂದು ಮುಕ್ತಾರ ಎಲ್ಲರ ಪರವಾಗಿ ಸೌಮ್ಯಾರ ಮುಂದೆ ನಿಂತ. "ಲೆಕ್ಕ ಸರಿ ಐತಿ, ಮೂರು ಉಣ್ಣಾಕತ್ತೇವಿ. ಆದ್ರೂ ಹೊಟ್ಟಿ ನಿಲ್ಲವಲ್ದು. ಶೇವಂತೆವ್ವಾರು ಹಿಟ್ಟು ಉಳಸಾಕತ್ತಾರ, ಮತ್ತೇನಲ್ಲ."

ಸೌಮ್ಯಾ ಗುರುಪಾದನನ್ನು ಕರೆಸಿದರು. "ಸೋಮವಾರ ಶೇವಂತೆವ್ವಾರಿಗೆ ಊಟದ ಹೊತ್ತಿಗೆ ಇಲ್ಲೇ ಬರಾಕ ಹೇಳ್ರಿ. ಮುಂದಿನ ತಿಂಗಳಿಂದ ಬ್ಯಾಡ ಅಂತ ನಾನ ಹೇಳತೇನಿ. ಮಷಿನ್ ರೊಟ್ಟಿ ಕೊಡಾವ್ರು ಒಬ್ಬರು ಸಿಕ್ಕಾರ."

ಗುರುಪಾದನ ಮುಖ ಸಣ್ಣದಾಯಿತು. ಅವನು ಎದೆ ತಟ್ಟಿ ತಂದ ರೊಟ್ಟಿ ಅದು. ಅವನಿಗೆ ಶೇವಂತೆವ್ವನ ಮೇಲೆ ಕೆಟ್ಟ ಸಿಟ್ಟು ಬಂತು. ತನ್ನ ಲೆಕ್ಕಕ್ಕೆ ಮಸಿ ಬಳಿದಳಲ್ಲ ಎಂಬ ಸಂಕಟ ಅದಕ್ಕಿಂತ ಹೆಚ್ಚು. ಮೋಸವನ್ನು ಕೈಯಾರೆ ಹಿಡಿಯಬೇಕೆಂದು ಮುಕ್ತಾರನಿಂದ ವರ್ನಿಯರ್ ಕ್ಯಾಲಿಪರ್ ಕೇಳಿ ಪಡೆದ. ಕಬ್ಬಿಣದ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಸಾಧನ ಅದು. ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಶನಿವಾರ ಸಂಜೆ ಕಾರ್ಖಾನೆಯ ಬಸ್ಸಿನಿಂದ ನವನಗರದಲ್ಲಿ ಇಳಿದವನೇ ಮನೆಯೊಳಗೂ ಹೋಗದೆ ಸ್ಕೂಟರು ಹತ್ತಿ ಬೆಂಗೇರಿಗೆ ಹೊರಟ.

ಶೇವಂತೆವ್ವನ ಮನೆಯ ಅಂಗಳದ ನಳದ ಹತ್ತಿರ ಕರುಣಾ ಭಾಂಡೆ ತಿಕ್ಕುತ್ತ ಕೂತಿದ್ದಳು. ಹಿಟ್ಟು ನಾದುವ ದೊಡ್ಡ ಪರಾತ, ಹಿಟ್ಟಿನ ಬುಟ್ಟಿ, ಮಸಿ ಹಿಡಿದ ಪಾತ್ರೆಗಳ ರಾಶಿ ಅವಳ ಸುತ್ತ. ಗುರುಪಾದನನ್ನು ನೋಡಿ, "ಬರ್ರಿ ಕಾಕಾರ," ಎಂದಳು, ಅಷ್ಟೇ. ಒಳಗೆ ಹಂಚಿನ ಮುಂದೆ ಶೇವಂತೆವ್ವನೇ ಕೂತು ಮನೆಮಂದಿಯ ರಾತ್ರಿಯೂಟಕ್ಕೆ ರೊಟ್ಟಿ ಬಡಿಯುತ್ತಿದ್ದಳು.

"ಕರುಣಾ ಯಾಕ ಹೊರಗ ಕುಂತಾಳ?" ಎಂದು ಕೇಳಿದ ಗುರುಪಾದ.

"ನಾನ ಎಬ್ಬಿಸೇನ್ರಿ ಅಕಿನ್ನ." ಶೇವಂತೆವ್ವನ ಕೈ ನಿಲ್ಲಲಿಲ್ಲ. "ಕಾರ್ಖಾನ್ಯಾಗ ಮಂದಿ ಗುಣುಗುಣು ಅನ್ನಾಕತ್ತಾರ ಅಂತ ರೊಟ್ಟಿ ಒಯ್ಯೂ ಟಮಟಮ್ ರಿಕ್ಷಾದಾಂವ ಬಂದು ಹೇಳಿದ. ನಂಗೂ ಸಂಶೆ ಇತ್ತು. ಮೊದ್ಲೆಲ್ಲ ವಾರಕ್ಕ ಮುಗೀತಿದ್ದ ಹಿಟ್ಟಿನ ಚೀಲ ಈಗ ವಾರ ದಾಟಿದ್ರೂ ತಳಾ ಕಾಣವಲ್ದು. ಅಂದ್ರ ಏನಾತು? ಈಕಿ ತೆಳ್ಳಗ ಬಡ್ಯಾಕತ್ತಾಳ. ನಾ ಹಂಗಲ್ಲ ಅಂತಾಳ. ಹಿಟ್ಟು ತಾನ ಉಳೀತೇತೇನ್ರಿ? ಭಾಂಡೆ ತಿಕ್ಕು ಹೋಗು ಅಂದೆ. ಅವತ್ತಿಂದ ನನ್ನ ಜೋಡಿ ಮಾತ ಬಿಟ್ಟಾಳ."

ಕಳ್ಳತನ ತಾನಾಗಿ ಸಿಕ್ಕಿಬಿದ್ದಂತಾಯಿತು ಎಂದು ಗುರುಪಾದನಿಗೆ ಒಳಗೊಳಗೇ ಸಮಾಧಾನ. ಆದರೂ ಅಳತೆಯಿಲ್ಲದೆ ಮಾತಾಡುವುದು ಅವನ ಜಾಯಮಾನವಲ್ಲ. ಕರುಣಾಳನ್ನು ಎಬ್ಬಿಸುವ ಮೊದಲು ಅವಳೇ ಬಡಿದ, ಕಾರ್ಖಾನೆಗೆ ಕಳಿಸಿ ಉಳಿದ ಸಣ್ಣ ರೊಟ್ಟಿಗಳು ಬುಟ್ಟಿಯಲ್ಲಿದ್ದವು. ಒಂದನ್ನು ತೆಗೆದು ವರ್ನಿಯರಿನ ಬಾಯಿಗೆ ಕೊಟ್ಟ. ಶೇವಂತೆವ್ವ ಹಂಚಿನಿಂದ ಆಗಷ್ಟೇ ತೆಗೆದ ದೊಡ್ಡ ರೊಟ್ಟಿಯ ದಪ್ಪವನ್ನೂ ಅಳೆದ. ಎರಡೂ ಒಂದೇ. ಅಂಚಿನಲ್ಲಿ ಅಳೆದ, ನಡುವೆ ಹರಿದು ಅಳೆದ. ಒಂದೇ.

"ರೊಟ್ಟೀಗಿ ಏನ್ ಜ್ವರಾ ಬಂದೈತೇನ್ರಿ?" ಎಂದು ಕೇಳಿದಳು ಶೇವಂತೆವ್ವ.

ಗುರುಪಾದ ವರ್ನಿಯರನ್ನು ಕಿಸೆಗೆ ಇಳಿಸಿದ. ದಪ್ಪ ಸರಿಯಾಗಿದೆ. ಅಗಲ ಆರಿಂಚು, ಅದೂ ಸರಿಯಾಗಿದೆ. ಎಣಿಕೆ ಮೂರು, ಅದನ್ನು ದಿನಾ ತಾನೇ ನಿಂತು ಬಡಿಸುತ್ತಾನೆ. ಎಲ್ಲ ಸರಿಯಿದ್ದ ಮೇಲೆ ಹಿಟ್ಟು ಉಳಿದದ್ದು ಎಲ್ಲಿಂದ, ಹೊಟ್ಟೆ ಹಸಿದದ್ದು ಯಾಕೆ? ಸುಮ್ಮನೆ ಕೈಗೆ ಕೆಲಸ ಬೇಕೆಂಬಂತೆ ಇನ್ನೊಂದು ಸಣ್ಣ ರೊಟ್ಟಿಯನ್ನು ಇನ್ನೊಂದು ದೊಡ್ಡದರ ನಟ್ಟನಡುವೆ ಇಟ್ಟ. ಸುತ್ತಲೂ ಒಂದೂವರೆ ಇಂಚಿನ ಅಂಚು ಉಳಿಯಿತು. ಇಷ್ಟೇ ತಾನೆ ಫರಕು ಎಂದುಕೊಂಡು ಆ ಅಂಚನ್ನು ಸುತ್ತಲೂ ಹರಿದ. ಹರಿದ ತುಣುಕುಗಳನ್ನು ಒಂದರ ಪಕ್ಕ ಒಂದು ಸಣ್ಣ ರೊಟ್ಟಿಯ ಮೇಲೆ ಜೋಡಿಸುತ್ತ ಹೋದ. ಸಣ್ಣ ರೊಟ್ಟಿ ಪೂರ್ತಿ ಮುಚ್ಚಿಹೋಯಿತು. ಕೈಯಲ್ಲಿ ಇನ್ನೂ ತುಣುಕುಗಳು ಉಳಿದಿದ್ದವು.

ಗುರುಪಾದ ಉಳಿದ ತುಣುಕುಗಳನ್ನು ಬೆರಳಿಂದ ಸರಿಸಿ ನೋಡಿದ. ಬರೀ ಅಂಚೇ ಒಂದು ಸಣ್ಣ ರೊಟ್ಟಿಗಿಂತ ಹೆಚ್ಚು. ಅಂದರೆ ಒಂದು ದೊಡ್ಡ ರೊಟ್ಟಿಯಲ್ಲಿ ಎರಡು ಸಣ್ಣವು, ಮೇಲೆ ಕಾಲು. ಎರಡು ದೊಡ್ಡವೆಂದರೆ ನಾಲ್ಕೂವರೆ. ಅವನು ಕೊಟ್ಟದ್ದು ಮೂರು.

"ಏನ್ರೀ ಅದು, ಹುಡುಗೂರಗತೆ ರೊಟ್ಟಿ ಜೋಡಿ ಆಟಾ ಆಡಾಕತ್ತೀರಿ?" ಎಂದು ಶೇವಂತೆವ್ವ ಕುತ್ತಿಗೆ ಹೊರಳಿಸಿದಳು.

ಅವಳು ಎದ್ದು ಬಂದು ನೋಡುವುದರೊಳಗೆ ಗುರುಪಾದ ಆ ತುಣುಕುಗಳನ್ನೆಲ್ಲ ಬಾಯಿಗೆ ತುಂಬಿಕೊಂಡು ಸಾಕ್ಷಿಯನ್ನು ನುಂಗಿಬಿಟ್ಟ. ಕೆಮ್ಮು ಬಂತು, ನೀರು ಕುಡಿದ. ಸೋಮವಾರ ಊಟದ ಹೊತ್ತಿಗೆ ಬರಬೇಕಂತೆ ಎಂದಷ್ಟೇ ಹೇಳಿ ಎದ್ದ. ಅಂಗಳ ದಾಟುವಾಗ ಕರುಣಾ ತಲೆ ಎತ್ತಲಿಲ್ಲ. ಅವಳ ಕೈಬೆರಳುಗಳು ಸೋಪಿನ ನೀರಲ್ಲಿ ಬೆಳ್ಳಗೆ ಸುಕ್ಕಾಗಿದ್ದವು. ಗುರುಪಾದ ಅದನ್ನು ನೋಡಬಾರದೆಂದುಕೊಂಡೇ ನೋಡಿದ.

ಭಾನುವಾರ ಇಡೀ ದಿನ ಅವನು ತನ್ನನ್ನು ತಾನೇ ಬೈದುಕೊಂಡ. ಒಂಬತ್ತ ಒಂಬತ್ಲೆ ಎಂಬತ್ತೊಂದು, ಆರ ಆರ್ಲೆ ಮೂವತ್ತಾರು. ಹೋಲಿಸಬೇಕಾದದ್ದು ಇದನ್ನು. ರೊಟ್ಟಿ ದುಂಡಗಿದ್ದ ಮಾತ್ರಕ್ಕೆ ಪ್ರಮಾಣ ಬದಲಾಗುವುದಿಲ್ಲ. ನವನಗರದಲ್ಲಿ ಸೈಟು ಕೊಳ್ಳುವಾಗ ಉದ್ದ ಎಷ್ಟು, ಅಗಲ ಎಷ್ಟು ಎಂದು ಎರಡನ್ನೂ ಕೇಳಿ, ಸಾಲದ್ದಕ್ಕೆ ತಾನೇ ಟೇಪು ಹಿಡಿದು ಅಳೆದಿದ್ದ ಗುರುಪಾದ ರೊಟ್ಟಿಯ ವಿಷಯಕ್ಕೆ ಬಂದಾಗ ಅಡ್ಡಳತೆಯೊಂದನ್ನೇ ಹಿಡಿದು ಮೆರೆದಿದ್ದ. ರೊಟ್ಟಿಯನ್ನು ಯಾರೂ ಗೆರೆ ಹಿಡಿದು ಉಣ್ಣುವುದಿಲ್ಲ ಎಂಬುದು ಅವನಿಗೆ ಈ ವಯಸ್ಸಿನಲ್ಲಿ ತಿಳಿಯಿತು.

ತಿಳಿದದ್ದನ್ನು ಹೇಳುವುದು ಬೇರೆ ಮಾತು. ಹೇಳದೆ ಪಾರಾಗುವ ದಾರಿಗಳೂ ಅವನಿಗೆ ಹೊಳೆದವು. ಹೊಸ ಜೋಳ ಬಂದಿದೆ, ಅದರಲ್ಲಿ ಕಸುವಿಲ್ಲ ಎನ್ನಬಹುದು. ನಾಲ್ಕು ರೊಟ್ಟಿ ಕೊಡೋಣ ಎಂದು ಮೇಡಂ ಕಿವಿಯಲ್ಲಿ ಮೆಲ್ಲಗೆ ಊದಬಹುದು. ಮಷಿನ್ ರೊಟ್ಟಿ ಬಂದರೆ ಬರಲಿ ಎಂದು ಸುಮ್ಮನಿದ್ದರೂ ಆಯಿತು, ಲೆಕ್ಕದ ಗುರುಪಾದ ಎಂಬ ಹೆಸರಾದರೂ ಉಳಿಯುತ್ತದೆ. ಇಷ್ಟು ವರ್ಷ ಆ ಹೆಸರೊಂದೇ ಅವನ ಆಸ್ತಿ. ಆದರೆ ಪ್ರತಿ ದಾರಿಯ ಕೊನೆಯಲ್ಲೂ ನಳದ ಹತ್ತಿರ ಭಾಂಡೆ ತಿಕ್ಕುತ್ತ ಒಬ್ಬ ಹೆಣ್ಣುಮಗಳು ಕೂತಿರುತ್ತಿದ್ದಳು. ಹೆಂಡತಿ ರಾತ್ರಿ ಎರಡನೆಯ ರೊಟ್ಟಿ ಹಾಕಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದ.

ಸೋಮವಾರ ಊಟದ ಗಂಟೆ ಹೊಡೆಯಿತು. ಶೇವಂತೆವ್ವ ಇಳಕಲ್ ಸೀರೆಯುಟ್ಟು, ತಲೆ ಮೇಲೆ ಸೆರಗು ಹೊದ್ದು ಬಂದಿದ್ದಳು. ಹಿಂದೆ ಬಟ್ಟೆ ಮುಚ್ಚಿದ ರೊಟ್ಟಿಬುಟ್ಟಿ ಹೊತ್ತು ಕರುಣಾ. ಹಂಚಿನ ಮುಂದಿನಿಂದ ಎದ್ದ ಮೇಲೆ ಬುಟ್ಟಿ ಹೊರುವುದೂ ಅವಳ ಪಾಲಿಗೇ ಬಂದಿತ್ತು. ಮಂದಿ ತಾಟು ಹಿಡಿದು ಸಾಲಾಗಿ ನಿಂತಿದ್ದರು, ಸಾಲಿನ ಮುಂದೆ ಮುಕ್ತಾರ.

ಸೌಮ್ಯಾ ಒಳ್ಳೆಯ ಮಾತಿನಲ್ಲೇ ಶುರುಮಾಡಿದರು. "ಶೇವಂತೆವ್ವಾರ, ನಿಮ್ಮ ರೊಟ್ಟಿ ಛಲೋ ಇದ್ದವು. ಆದ್ರ ಈಗ ಭಾಳ ಮಂದಿ ತಕರಾರು ಮಾಡಾಕತ್ತಾರ. ತೆಳ್ಳಗ ಆಗ್ಯಾವ ಅಂತಾರ."

ಮುಂದಿನದು ಏನೆಂದು ಶೇವಂತೆವ್ವನಿಗೆ ಗೊತ್ತಾಗಿಹೋಯಿತು. ಕೆಲಸ ತಪ್ಪಿದರೆ ಓಣಿಯ ಹೆಂಗಸರಿಗೂ ತಪ್ಪುತ್ತದೆ. ಅವಳು ಎರಡೂ ಕೈ ಜೋಡಿಸಿದಳು.

"ತಪ್ಪಾಗೇತ್ರಿ ಮೇಡಮ್ಮಾರ. ಅದು ನಮ್ಮ ಸೊಸೀ ಕೈಯಾಗ ಆದ ತಪ್ಪು. ಅಕಿನ್ನ ಆಗಲೇ ಹಂಚಿನ ಮುಂದಿಂದ ಎಬ್ಬಿಸೇನಿ. ಇನ್ನ ಮುಂದ ನಾನ ಬಡೀತೇನಿ. ಇದೊಂದ ಸಲ ನಡಸ್ಕೋರಿ."

ಸಾಲಿನಲ್ಲಿದ್ದ ಅಷ್ಟೂ ಮಂದಿ ಕರುಣಾಳ ಕಡೆ ತಿರುಗಿ ನೋಡಿದರು. ಅವಳು ಬುಟ್ಟಿಯ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿ ಮತ್ತೆ ಬಿಚ್ಚಿದಳು.

"ಅಕಿ ತಪ್ಪಲ್ರಿ," ಎಂದ ಗುರುಪಾದ. ದನಿ ತನ್ನದೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು. "ತಪ್ಪು ನಂದು. ನನ್ನ ಲೆಕ್ಕ ತಪ್ಪೇತಿ."

ಕ್ಯಾಂಟೀನಿನಲ್ಲಿ ಯಾರೋ ಚಮಚ ಬೀಳಿಸಿದರು. ಗುರುಪಾದನ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ.

"ಹದಿನೆಂಟಕ್ಕ ಹದಿನೆಂಟು, ನಾನೂ ಎಣಿಸೇನಲ್ಲ ಕಾಕಾ," ಎಂದ ಮುಕ್ತಾರ.

"ನೀ ಎಣಿಸಿದ್ದಿ, ಮೇಡಮ್ಮಾರ ಮೊಬೈಲೂ ಎಣಿಸೇತಿ. ಮೂರೂ ಮಂದಿ ಕೂಡಿ ತಪ್ಪನ್ನ ಬರೋಬ್ಬರಿ ಎಣಿಸೇವಿ. ಶೇವಂತಕ್ಕಾರ, ನಿಮ್ಮ ಊಟದ ಗಂಟಿನ್ಯಾಗ ಮನಿ ರೊಟ್ಟಿ ಐತೇನ್ರಿ?"

ಶೇವಂತೆವ್ವ ಯಾಕೆಂದು ಗೊತ್ತಾಗದೆ ತನ್ನ ಬುತ್ತಿ ಬಿಚ್ಚಿ ಒಂದು ದೊಡ್ಡ ರೊಟ್ಟಿ ಕೊಟ್ಟಳು. ಗುರುಪಾದ ಅದನ್ನು ಮೇಜಿನ ಮೇಲೆ ಹರವಿ, ಅದರ ಮೇಲೆ ಬುಟ್ಟಿಯ ಸಣ್ಣ ರೊಟ್ಟಿ ಇಟ್ಟ. ಸುತ್ತ ಉಳಿದ ಅಂಚನ್ನು ಮುಕ್ತಾರನ ಕೈಯಿಂದಲೇ ಹರಿಸಿದ, ಅವನ ಕೈಯಿಂದಲೇ ಸಣ್ಣ ರೊಟ್ಟಿಯ ಮೇಲೆ ಜೋಡಿಸುವಂತೆ ಮಾಡಿದ. ಹಿಂದಿನವರು ಬೆಂಚು ಹತ್ತಿ ನೋಡಿದರು. ಅಂಚಿನ ತುಣುಕುಗಳು ಸಣ್ಣ ರೊಟ್ಟಿಯನ್ನು ಪೂರ್ತಿ ಮುಚ್ಚಿದವು. "ಒಂದು ದೊಡ್ಡದಕ್ಕ ಎರಡೂಕಾಲು ಸಣ್ಣವು, ಎರಡಕ್ಕ ನಾಲ್ಕೂವರಿ," ಎಂದ ಗುರುಪಾದ. ಉಳಿದ ತುಣುಕುಗಳನ್ನು ಕೈಯಲ್ಲಿ ಹಿಡಿದ ಮುಕ್ತಾರ ಅವುಗಳನ್ನು ನೋಡಿದ, ಗುರುಪಾದನನ್ನು ನೋಡಿದ, ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡ.

"ಅಂದ್ರ ನಂಗ ಜಂತು ಇದ್ದಿಲ್ಲ," ಎಂದ.

ಮೊದಲು ನಕ್ಕವನು ಯಾರೋ, ಆಮೇಲೆ ನಗದವರು ಯಾರೂ ಉಳಿಯಲಿಲ್ಲ. "ಹದಿನೇಳ ಎಂಟ್ಲೆ ಎಷ್ಟ್ರಿ ಕಾಕಾ?" ಎಂದು ಸಾಲಿನ ಹಿಂದಿನಿಂದ ಒಂದು ಕೂಗು ಬಂತು. ಅದಕ್ಕೂ ನಕ್ಕರು. ಗುರುಪಾದನಿಗೆ ನಾಚಿಕೆ ಆದದ್ದು ನಿಜ, ಆದರೆ ಭಾನುವಾರ ಒಳಗೆ ಕೂತು ಪಟ್ಟ ಸಂಕಟದ ಮುಂದೆ ಇದು ಹಗುರವಾಗಿತ್ತು. ಸೌಮ್ಯಾ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, "ನಾನೂ ಸಾಲ್ಯಾಗ ಕಲ್ತದ್ದ ಇದು, ತಲಿಗೇ ಬರಲಿಲ್ಲ ನೋಡ್ರಿ," ಎಂದು ನಕ್ಕರು. ಆಮೇಲೆ ಶೇವಂತೆವ್ವನ ಕಡೆ ತಿರುಗಿ, ನಿಮ್ಮ ರೊಟ್ಟಿಯೇ ಇರಲಿ, ಯಾವ ಮಷಿನ್ನೂ ಬೇಡ ಎಂದರು.

"ಮತ್ತ ನಾಲ್ಕೂವರಿ ಅಂದ್ರ ಅರ್ಧ ಯಾರಿಗಿ ಕೊಡೂದು?" ಎಂದು ಸೌಮ್ಯಾ ಗುರುಪಾದನನ್ನು ಕೇಳಿದರು.

"ಐದ ಕೊಡ್ರಿ ಮೇಡಂ," ಎಂದ ಮುಕ್ತಾರ. "ಅರ್ಧ ಇಷ್ಟ ದಿನದ ಬಡ್ಡಿ."

ಐದು ರೊಟ್ಟಿ ಉಂಡೆ ಎಂದು ಮನೆಯಲ್ಲಿ ಹೇಗೆ ಹೇಳುವುದು ಎಂಬ ಚಿಂತೆ ಕೆಲವರ ಮುಖದ ಮೇಲೆ ಆಗಲೇ ಮೂಡಿತ್ತು. ಆದರೂ ಬೇಡ ಎಂದವನು ಒಬ್ಬನೂ ಇಲ್ಲ. ಸಾಲು ಮುಂದೆ ಸರಿಯಬೇಕು ಅನ್ನುವಷ್ಟರಲ್ಲಿ ಕರುಣಾ ಬುಟ್ಟಿಯ ಮೇಲೆ ಬಟ್ಟೆ ಎಳೆದುಬಿಟ್ಟಳು.

"ಕಾಕಾರ, ಅಂದ್ರ ನನ್ನ ಕೈ ಸರಿ ಇತ್ತೇನ್ರಿ?"

"ಸರಿ ಇತ್ತವಾ."

"ಇನ್ನೊಮ್ಮಿ ಹೇಳ್ರಿ. ಅತ್ತಿಯಾರಿಗೆ ಕೇಳಿಸಿಲ್ಲ."

ಗುರುಪಾದ ಇಡೀ ಕ್ಯಾಂಟೀನಿಗೆ ಕೇಳುವಂತೆ ಹೇಳಿದ. "ಕರುಣಾನ ಕೈ ಸರಿ ಇತ್ತು. ಶನಿವಾರ ನಾನ ಅಳದೇನಿ, ಕೂದಲದಷ್ಟೂ ಫರಕ ಇಲ್ಲ. ಆವತ್ತ ಹೇಳಬೇಕಾಗಿತ್ತು. ಹೇಳಲಿಲ್ಲ, ಅದೂ ನನ್ನ ತಪ್ಪು."

ಶೇವಂತೆವ್ವ ಸೆರಗು ಸರಿಮಾಡಿಕೊಂಡಳು. ಸರಿಯಾಗಿದ್ದ ಸೆರಗನ್ನೇ ಇನ್ನೊಮ್ಮೆ ಸರಿಮಾಡಿಕೊಂಡಳು. ಅಷ್ಟು ಮಂದಿ ಗಂಡಸರ ಮುಂದೆ ಸೊಸೆಯ ಹೆಸರು ಕೆಡಿಸಿದವಳು ಅದೇ ಗಂಡಸರ ಮುಂದೆ ಮಾತು ಹುಡುಕುತ್ತಿದ್ದಳು.

"ಕೇಳಿಸೇತಿ," ಎಂದಳು ಕೊನೆಗೆ. "ನಾಳಿಂದ ಹಂಚಿನ ಮುಂದ ನೀನ ಕೂಡವಾ. ನಾ ಅಂದದ್ದು ತಪ್ಪಾತು."

"ಕೂಡತೇನ್ರಿ." ಕರುಣಾ ಬಟ್ಟೆ ಮಾತ್ರ ತೆಗೆಯಲಿಲ್ಲ. "ಆದ್ರ ಭಾಂಡೆ ಯಾರ ತಿಕ್ಕಾವ್ರು?"

ಶೇವಂತೆವ್ವ ಒಂದು ಗಳಿಗೆ ಸೊಸೆಯ ಮುಖ ನೋಡಿ, ಆಮೇಲೆ ನಿಧಾನಕ್ಕೆ ಗುರುಪಾದನ ಕಡೆ ತಿರುಗಿದಳು. ಕರುಣಾಳೂ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ಕಡೆ ನೋಡಿದ್ದು ಅದೇ ಮೊದಲು. ಗುರುಪಾದನಿಗೆ ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬೆಂಗೇರಿಯ ಆ ಅಂಗಳದಲ್ಲಿ ಪ್ಯಾಂಟು ಮಡಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದವನನ್ನು ಓಣಿಯ ಮಂದಿ ನಿಂತು ನೋಡಿ ಹೋದರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮ ಬರುತ್ತಿತ್ತು. ಅದನ್ನು ಕೇಳುತ್ತ ಪರಾತ ತಿಕ್ಕುವುದು ಗುರುಪಾದನಿಗೆ ನಿಜಕ್ಕೂ ಸುಖವೆನಿಸಿತ್ತು. ಅಷ್ಟರಲ್ಲಿ ಕರುಣಾ ಹೊರಗೆ ಬಂದಳು. ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, ದೊಡ್ಡದೊಂದನ್ನು ತಿರುಗಿ ಅವನ ಮುಂದೆ ಇಟ್ಟಳು.

"ಇದು ಸರಿ ಆಗಿಲ್ರಿ ಕಾಕಾರ."

ಗುರುಪಾದ ಬಾಯಿ ತೆರೆದ. ಅದನ್ನು ಎರಡು ಸಲ ತಿಕ್ಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆಮೇಲೆ ಬಾಯಿ ಮುಚ್ಚಿ, ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಮೊದಲಿನಿಂದ ತಿಕ್ಕತೊಡಗಿದ.